ಅತಿಭಾರಾರೋಪಣ ಮತ್ತು ಇಂದಿನ ವೈದ್ಯ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು ಹಿಂಸೆಯೆಂದು ಯಾರಿಗಾದರೂ ತಿಳಿಯುತ್ತದೆ. ಕೊನೆಯ ಎರಡು ಹಾಗಲ್ಲ. ಹೊರಲಾರದಷ್ಟು ಭಾರ ಹೇರುವುದರಲ್ಲಿ, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದರಲ್ಲಿ ರಕ್ತವಿಲ್ಲ, ಕೂಗಿಲ್ಲ. ಗಾಡಿ ಸಂತೆಗೆ ಹೋಗುತ್ತಿರುವಾಗಲೇ, ಮನೆಯ ವ್ಯವಹಾರ ಸುಗಮವಾಗಿ ಸಾಗುತ್ತಿರುವಾಗಲೇ ಅವು ನಡೆದುಹೋಗುತ್ತವೆ. ಪಾಠಶಾಲೆಯ ಮಕ್ಕಳಿಗೆ ಇವನ್ನು ವಿವರಿಸುವಾಗ ಎತ್ತಿನ ಉದಾಹರಣೆ ಕೊಡುವುದು ರೂಢಿ. ಎತ್ತಿನ ಗಾಡಿಗಳು ರಸ್ತೆಯಿಂದ ಮರೆಯಾದ ಮೇಲೆ ಈ ಅತಿಚಾರಗಳೂ ಮರೆಯಾದವೆಂದು ತಿಳಿಯುವುದು ಮಾತ್ರ ತಪ್ಪಾದೀತು.

ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಅತಿಭಾರಾರೋಪಣವನ್ನು ವಿವರಿಸುವಾಗ ನ್ಯಾಯವಾದ ಭಾರಕ್ಕಿಂತ ಮಿಗಿಲಾದುದನ್ನು ಹೊರಿಸುವುದೇ ದೋಷವೆಂದಿದ್ದಾರೆ. ಭಾರವೇ ದೋಷವೆಂದು ಅವರು ಹೇಳಲಿಲ್ಲ. ಆದುದರಿಂದ ಪ್ರತಿಯೊಂದು ದುಡಿಮೆಯ ವಿಷಯದಲ್ಲಿಯೂ ನ್ಯಾಯವಾದ ಭಾರವೆಷ್ಟು ಎಂದು ಕೇಳಿಕೊಳ್ಳುವುದು ಅಣುವ್ರತಿಯ ಕರ್ತವ್ಯವಾಗುತ್ತದೆ. ಪೂಜ್ಯಪಾದರನ್ನು ಪರಂಪರೆಯು ವೈದ್ಯಗ್ರಂಥಕರ್ತರೆಂದೂ ಸ್ಮರಿಸುತ್ತದೆ. ಅವರ ‘ಕಲ್ಯಾಣಕಾರಕ’ವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಅದಕ್ಕೂ ಮುನ್ನ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಅದೇ ಹೆಸರಿನ ಸಂಸ್ಕೃತ ಗ್ರಂಥವನ್ನು ರಚಿಸಿ, ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಪ್ರತಿಪಾದಿಸಿದರು. ಔಷಧಕ್ಕಾಗಿ ಸಾಯುವ ಪ್ರಾಣಿಯ ನೋವನ್ನು ಜೈನ ಆಚಾರ್ಯರು ಅಂದೇ ಕಂಡರು. ಇಂದು ಕಾಣಬೇಕಾಗಿರುವುದು ಔಷಧವನ್ನು ಕೊಡುವವನ ನೋವು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. 2025ರಲ್ಲಿ ಸರಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 10.8 ಲಕ್ಷ ಜನ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಅಳತೆ. ಕನಕಪುರದ ಕಾಡಂಚಿನಲ್ಲಿಯೋ ಮಾಗಡಿಯ ಒಳನಾಡಿನಲ್ಲಿಯೋ ಇರುವ ಇಂಥ ಒಂದು ಕೇಂದ್ರದ ವೈದ್ಯೆಯ ದಿನವನ್ನು ಊಹಿಸಿಕೊಳ್ಳಬಹುದು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನವೇ ಸಾಲು ನಿಂತಿರುತ್ತದೆ. ಜ್ವರದ ಮಗು, ನಾಯಿ ಕಚ್ಚಿದ ಮುದುಕ, ತಿಂಗಳು ತುಂಬಿದ ಗರ್ಭಿಣಿ, ಹೊಲದಲ್ಲಿ ಹಾವು ಕಡಿದವನು. ರಾಮನಗರದ ಕಡೆಯಾದರೆ ಕುದಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳು ಹುಣ್ಣಾದ, ಆವಿ ಕುಡಿದು ಉಬ್ಬಸ ಹತ್ತಿದ ರೇಷ್ಮೆ ಕೆಲಸಗಾರ. (ಗೂಡಿನೊಳಗೆ ಬೇಯುವ ಜೀವದ ಮಾತು ಬೇರೆಯೇ ಇದೆ, ಪೂಜೆಗೆ ಹತ್ತಿಬಟ್ಟೆಯನ್ನೇ ಉಡುವವರು ಅದನ್ನು ಬಲ್ಲರು.) ಸಾಲು ಕರಗುವ ವೇಳೆಗೆ ಲಸಿಕೆಯ ಲೆಕ್ಕ, ಕ್ಷಯರೋಗಿಗಳ ಲೆಕ್ಕ, ತಾಲ್ಲೂಕು ಕಚೇರಿಯ ಸಭೆ, ಕಂಪ್ಯೂಟರಿಗೆ ಅದನ್ನೆಲ್ಲ ತುಂಬುವ ಕೆಲಸ. ಎಂದೋ ಬರೆದುಕೊಟ್ಟ ಗಾಯದ ಪ್ರಮಾಣಪತ್ರಕ್ಕೆ ಸಾಕ್ಷಿ ಹೇಳಲು ನ್ಯಾಯಾಲಯದ ಸಮನ್ಸು. ರಾತ್ರಿ ಬಾಗಿಲು ತಟ್ಟಿದರೆ ಏಳಬೇಕು. ಎದ್ದರೂ ಬಂದವರು ಕೇಳುವ ಮೊದಲ ಪ್ರಶ್ನೆ, ಇಷ್ಟು ಹೊತ್ತು ಏಕೆ ಎಂಬುದು.

ಹೆದ್ದಾರಿಯ ಮಗ್ಗುಲಿನಲ್ಲಿರುವ ಆಸ್ಪತ್ರೆಗಳ ಕಥೆ ಇನ್ನೊಂದು ಬಗೆಯದು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆ ವರ್ಷ ಅಪಘಾತಗಳು ಎಷ್ಟು ಹೆಚ್ಚಿದವೆಂದರೆ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಬೇಕಾಯಿತು. ರಾಮನಗರ, ಚನ್ನಪಟ್ಟಣಗಳ ಬಳಿ ಗಾಯಗೊಂಡವರಿಗೆ ಹತ್ತಿರವಿರುವುದು ಆ ಊರುಗಳ ಆಸ್ಪತ್ರೆಗಳೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂಬ ವಿವಾದದಲ್ಲಿ ರಾಮನಗರ ಬಂದ್ ಕೂಡ ನಡೆಯಿತು. ಊರಿಗೆ ಕಾಲೇಜು ಬೇಕೆನ್ನುವುದು ನ್ಯಾಯವೇ. ಆದರೆ ಕಟ್ಟಡಕ್ಕಾಗಿ ಬೀದಿಗಿಳಿಯುವ ಜನ, ಅದರೊಳಗೆ ದುಡಿಯುವವರು ಎಷ್ಟು ಗಂಟೆ ನಿದ್ರಿಸುತ್ತಾರೆಂದು ಕೇಳಿದ್ದು ಅಪೂರ್ವ.

ಕೇಳಿದರೆ ದೊರೆಯುವ ಉತ್ತರ ಸುಖಕರವಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 1992ರ ಜೂನ್ 5ರಂದೇ, ರೆಸಿಡೆಂಟ್ ವೈದ್ಯರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ನಿರ್ದೇಶಿಸಿತ್ತು. 32 ವರ್ಷಗಳ ತರುವಾಯ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಿಚಾರಿಸಿದಾಗ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಮಿಕ್ಕಿ ದುಡಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾರದ ರಜೆಯೇ ಇರಲಿಲ್ಲ. ಶೇ. 31ರಷ್ಟು ಮಂದಿಗೆ ಪ್ರಾಣತ್ಯಾಗದ ಯೋಚನೆ ಬಂದಿತ್ತು. ಸೇವೆಯ ವಿದ್ಯೆಯನ್ನು ಕಲಿಯಲು ಬಂದ ಎಳೆಯರ ಮಾತಿದು. ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಾರ್ಯಪಡೆ ಶಿಫಾರಸು ಮಾಡಿತು. ನ್ಯಾಯವಾದ ಭಾರದ ಅಳತೆ 74 ಗಂಟೆಗೆ ಬಂದು ನಿಂತಿತೆಂಬುದೇ ವಿಷಾದದ ಸಂಗತಿ.

ಕೋವಿಡ್ ಕಾಲದಲ್ಲಿ ಈ ಭಾರ ಎಲ್ಲರ ಕಣ್ಣಿಗೂ ಬಿತ್ತು. 2020ರ ಆಗಸ್ಟಿನಲ್ಲಿ ಮೈಸೂರು ಜಿಲ್ಲೆಯ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಗಳ ಸಂಖ್ಯೆಯ ಗುರಿ ಮುಟ್ಟಬೇಕೆಂಬ ಒತ್ತಡವೇ ಕಾರಣವೆಂದು ಸಹೋದ್ಯೋಗಿಗಳು ಆಪಾದಿಸಿದರು. ಸರಕಾರಿ ವೈದ್ಯರು ಪ್ರತಿಭಟನೆಗಿಳಿದರು. ಆಪಾದನೆಯ ಸತ್ಯಾಸತ್ಯವನ್ನು ನಿರ್ಣಯಿಸುವುದು ಇಲ್ಲಿನ ಉದ್ದೇಶವಲ್ಲ. ಅದೇ ವರ್ಷ ಮಾರ್ಚಿನಲ್ಲಿ ದೇಶವೇ ಬಾಲ್ಕನಿಗಳಲ್ಲಿ ನಿಂತು ವೈದ್ಯರಿಗಾಗಿ ತಟ್ಟೆ ಬಡಿದಿತ್ತು. ತಟ್ಟೆಯ ಸದ್ದಿನಿಂದ ಯಾರ ಭಾರವೂ ಇಳಿಯುವುದಿಲ್ಲ.

ಇಲ್ಲಿ ಧರ್ಮಸೂಕ್ಷ್ಮವೊಂದಿದೆ. ಜೈನದರ್ಶನದ ಪ್ರಕಾರ ಪ್ರಾಣಹಾನಿಯು ಹಿಂಸೆಯಾಗುವುದು ಪ್ರಮಾದ ಸೇರಿದಾಗ. ಹದಿನೈದು ಪ್ರಮಾದಗಳ ಎಣಿಕೆಯಲ್ಲಿ ನಿದ್ರೆಯೂ ಒಂದು. ಮೂವತ್ತು ಗಂಟೆ ಕಣ್ಣು ಮುಚ್ಚದ ಯುವವೈದ್ಯನೊಬ್ಬ ಮುಂಜಾನೆಯ ತೂಕಡಿಕೆಯಲ್ಲಿ ಔಷಧದ ಪ್ರಮಾಣವನ್ನು ತಪ್ಪಾಗಿ ಬರೆದನೆನ್ನೋಣ. ಪ್ರಮಾದ ಅವನದೇ, ಸಂದೇಹವಿಲ್ಲ. ಆದರೆ ಕರ್ಮಾಸ್ರವಕ್ಕೆ ಮೂರು ದಾರಿಗಳುಂಟು: ಕೃತ, ಕಾರಿತ, ಅನುಮೋದಿತ. ಅವನ ನಿದ್ರೆಯನ್ನು ಕಸಿದ ವೇಳಾಪಟ್ಟಿಯನ್ನು ಬರೆದವರಿಗೆ ಕಾರಿತದ ಪಾಲಿಲ್ಲವೆ? ಖಾಲಿ ಹುದ್ದೆಗಳನ್ನು ತುಂಬದೆ ಇಬ್ಬರ ಕೆಲಸವನ್ನು ಒಬ್ಬರಿಂದ ತೆಗೆದ ಆಡಳಿತಕ್ಕೆ? ಮತ್ತು “ವೈದ್ಯರೆಂದ ಮೇಲೆ ಇದೆಲ್ಲ ಇದ್ದದ್ದೇ” ಎಂದು ತಲೆಯಾಡಿಸಿ ಸುಮ್ಮನಾದ ಸದ್ಗೃಹಸ್ಥರಿಗೆ ಅನುಮೋದನೆಯ ಪಾಲಿಲ್ಲವೆ? ದಂಡಸಂಹಿತೆ ಈ ಮೂವರಲ್ಲಿ ಒಬ್ಬನನ್ನು ಮಾತ್ರ ಹಿಡಿಯಬಲ್ಲುದು. ವ್ರತಿಯಾದವನ ಪ್ರತಿಕ್ರಮಣ ಅಷ್ಟಕ್ಕೇ ನಿಲ್ಲಲಾರದು.

ವೈದ್ಯನನ್ನು ದೇವರೆಂದು ಕರೆಯುವ ಲೋಕರೂಢಿಯೂ ಅವನ ಮೇಲಿನ ಭಾರಗಳಲ್ಲಿ ಒಂದು. ದೇವರೆಂದವರೇ, ರೋಗಿ ಉಳಿಯದಿದ್ದರೆ, ಕೊರಳಪಟ್ಟಿ ಹಿಡಿಯುತ್ತಾರೆ. ಕರ್ನಾಟಕವು ವೈದ್ಯಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲಿಯೇ ಕಾಯಿದೆ ಮಾಡಬೇಕಾಯಿತು. ಜೈನನಿಗೆ ಈ ಎರಡು ಅತಿರೇಕಗಳೂ ಅನಗತ್ಯ. ಆಯುಃಕರ್ಮ, ಅಸಾತಾವೇದನೀಯಗಳ ಉದಯದಲ್ಲಿ ವೈದ್ಯನು ನಿಮಿತ್ತ ಮಾತ್ರ. ಹಾಗಾದರೆ ಚಿಕಿತ್ಸೆಯೇ ವ್ಯರ್ಥವೆಂದು ತರ್ಕಿಸುವವರಿಗೂ ಉತ್ತರವಿದೆ: ಅಕಾಲಮರಣವುಂಟೆಂದು ಸಾಧಿಸುವಾಗ ಅಕಲಂಕದೇವರು ಆಯುರ್ವೇದದ ಸಾಮರ್ಥ್ಯವನ್ನೇ ಒಂದು ಯುಕ್ತಿಯಾಗಿ ಮುಂದಿಟ್ಟಿದ್ದಾರೆ. ನಿಮಿತ್ತವು ಸಮರ್ಥವಾಗಿರಬೇಕು, ಆದರೆ ಅದು ಕರ್ತೃವಲ್ಲ. ಈ ತಿಳಿವಳಿಕೆ ರೋಗಿಯ ಮನೆಯವರಿಗೆ ಸಮಾಧಾನವನ್ನು ಕೊಡುವುದಷ್ಟೇ ಅಲ್ಲ, ಬದುಕಿಸಿದೆನೆಂಬ ಮದದಿಂದಲೂ, ಕೊಂದೆನೇನೋ ಎಂಬ ಸುಡುವ ಸಂಶಯದಿಂದಲೂ ವೈದ್ಯನನ್ನು ಬಿಡಿಸುತ್ತದೆ. ಅಜಾಗ್ರತೆಗೆ ಇದು ಮರೆಯಾಗಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವೈದ್ಯರ ಬಗೆಗೆ ಇಷ್ಟು ಮರುಕ ಏಕೆ, ಅವರು ಹಣ ಗಳಿಸುತ್ತಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನಿರಾಧಾರವಲ್ಲ. ಬೇಡದ ಪರೀಕ್ಷೆ, ಬೇಡದ ಶಸ್ತ್ರಕ್ರಿಯೆ, ಹೆಣವನ್ನು ಬಿಡಲೂ ಬಿಲ್ಲು ಕೇಳುವ ನಿಷ್ಠುರತೆ, ಇವನ್ನು ಅನುಭವಿಸಿದ ಕುಟುಂಬಗಳು ಕಡಿಮೆಯಿಲ್ಲ. ಹಣ ಪಡೆದು ಮಾಡುವ ಚಿಕಿತ್ಸೆಯನ್ನು 1995ರಲ್ಲಿ ಸುಪ್ರೀಂ ಕೋರ್ಟು ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ತಂದುದು ಅನ್ಯಾಯವೆಂದು ಹೇಳಲಾಗದು. ಆದರೆ ಅಲ್ಲಿಂದೀಚೆಗೆ ಇಬ್ಬರೂ ಒಬ್ಬರನ್ನೊಬ್ಬರು ಮುಂದಿನ ಮೊಕದ್ದಮೆಯ ಎದುರಾಳಿಯಂತೆ ನೋಡುವುದು ಹೆಚ್ಚಿತು. ಭಯದಿಂದ ಬರೆದ ಪರೀಕ್ಷೆಗೂ ಲೋಭದಿಂದ ಬರೆದ ಪರೀಕ್ಷೆಗೂ ರೋಗಿ ತೆರುವ ಬೆಲೆ ಒಂದೇ. ಕೋಟಿ ಸುರಿದು ಮಗನಿಗೆ ಸೀಟು ಕೊಡಿಸಿದ ತಂದೆ, ಆ ಕೋಟಿ ಮರಳಿ ಬರಲೆಂದು ಹಾರೈಸುವಾಗ ಪರಿಗ್ರಹಪರಿಮಾಣ ವ್ರತವನ್ನು ಎಲ್ಲಿಟ್ಟು ಬಂದನೆಂಬುದೂ ವಿಚಾರಣೀಯ. ಅಂಥ ತಂದೆಯರು ಸಮಾಜದ ಹೊರಗಿನವರಲ್ಲ. ಮಾಸಿಕ ಆದಾಯದ ಗುರಿ ಹಾಕಿಸಿಕೊಂಡ ಆಸ್ಪತ್ರೆಯ ವೈದ್ಯ ಏಕಕಾಲದಲ್ಲಿ ಭಾರ ಹೊತ್ತವನೂ ಹೌದು, ರೋಗಿಯ ಮೇಲೆ ಭಾರ ಹೇರುವವನೂ ಹೌದು. ಒಂದು ದೋಷವು ಇನ್ನೊಂದನ್ನು ಅಳಿಸುವುದಿಲ್ಲ.

ಇನ್ನು ಕೆಲವರು ತಪಸ್ಸಿನ ಮಾತು ತೆಗೆಯುತ್ತಾರೆ. ಮುನಿಗಳು ಹಸಿವು ನಿದ್ರೆಗಳನ್ನು ಗೆಲ್ಲುವುದಿಲ್ಲವೆ, ಸೇವಾವ್ರತಿಗೆ ಆಯಾಸವೇನು ಎಂದು. ಇದು ಶಾಸ್ತ್ರವನ್ನು ಅರ್ಧ ಓದಿದವರ ಮಾತು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ‘ಶಕ್ತಿತಃ’ ಎಂಬ ಮಾತು ಸೇರಿದೆ. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ. ತಪಸ್ಸನ್ನು ಸಾಧಕನು ತಾನಾಗಿ ಸ್ವೀಕರಿಸುತ್ತಾನೆ; ಇನ್ನೊಬ್ಬನ ಮೇಲೆ ಹೇರಿದ ಉಪವಾಸಕ್ಕೆ ಅನ್ನಪಾನನಿರೋಧವೆಂದೇ ಹೆಸರು. ಅಂತರಂಗ ತಪಸ್ಸುಗಳಲ್ಲೊಂದಾದ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಮಂದಿಯಲ್ಲಿ ಗ್ಲಾನ, ಎಂದರೆ ರೋಗಪೀಡಿತ ಮುನಿಯೂ ಇದ್ದಾನೆ. ಇಂದು ಶುಶ್ರೂಷೆ ಮಾಡಿದವನು ನಾಳೆ ತಾನೇ ಗ್ಲಾನನಾಗಬಹುದು. ಆಗ ಸಂಘವು ಅವನಿಗೆ ಹೆಗಲು ಕೊಡುತ್ತದೆ. ಲೋಕದ ವೈದ್ಯಸಂಸ್ಥೆಗಳಿಗೆ ಈ ಮಾತು ಹೊಳೆದದ್ದು ತಡವಾಗಿ. ಪ್ರಪಂಚದ ವೈದ್ಯರು ಕೈಗೊಳ್ಳುವ ಜಿನೀವಾ ಪ್ರತಿಜ್ಞೆಗೆ, ವೈದ್ಯನು ತನ್ನ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಅಂಶ ಸೇರಿದ್ದು 2017ರಲ್ಲಿ. ಅದಕ್ಕೂ ಮುಂಚಿನ ಸುಮಾರು ಏಳು ದಶಕಗಳ ಕಾಲ ಪ್ರತಿಜ್ಞೆಯಲ್ಲಿ ಎಲ್ಲರ ಆರೋಗ್ಯವಿತ್ತು, ಪ್ರತಿಜ್ಞೆ ಮಾಡುವವನದು ಇರಲಿಲ್ಲ.

ಸರಕಾರದ ವೇಳಾಪಟ್ಟಿಯನ್ನು ತಿದ್ದುವುದು ಬಸದಿಯ ಟ್ರಸ್ಟುಗಳ ಕೈಯಲ್ಲಿಲ್ಲ. ಆದರೆ ಅವುಗಳ ಕೈಯಲ್ಲಿ ಏನೂ ಇಲ್ಲವೆನ್ನಲಾಗದು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಬಾಹುಬಲಿ ಸಾರ್ವಜನಿಕ ಆಸ್ಪತ್ರೆ ಆರಂಭವಾದುದನ್ನು ಎಲ್ಲರೂ ಬಲ್ಲರು. ದೆಹಲಿಯ ಕೆಂಪುಕೋಟೆಯೆದುರಿನ ಲಾಲ್ ಮಂದಿರದಲ್ಲಿ ಹಕ್ಕಿಗಳಿಗೂ ಆಸ್ಪತ್ರೆಯುಂಟು. ದುಡಿದು ಸೋತ ಎತ್ತಿಗಾಗಿ ಪಾಂಜರಪೋಳವನ್ನು ಕಟ್ಟಿದ ಸಮಾಜವಿದು. ಅದೇ ಸಮಾಜ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ಏರ್ಪಡಿಸುವ ಬಗೆಯನ್ನು ಸ್ವಲ್ಪ ನೋಡಬೇಕು. ವೈದ್ಯರಿಗೆ ವಾರಕ್ಕೊಮ್ಮೆ ಸಿಗುವ ಭಾನುವಾರವನ್ನೇ ಆರಿಸಲಾಗುತ್ತದೆ. ಒಂಬತ್ತಕ್ಕೆ ಬಂದ ವೈದ್ಯರು ಹನ್ನೊಂದರವರೆಗೆ ವೇದಿಕೆಯ ಮೇಲೆ ಗಣ್ಯರ ಭಾಷಣಗಳನ್ನು ಕೇಳುತ್ತ ಕುಳಿತಿರುತ್ತಾರೆ. ಆ ಬಳಿಕ ಮುನ್ನೂರು ಚೀಟಿ. ಒಬ್ಬೊಬ್ಬ ರೋಗಿಗೆ ಒಂದೆರಡು ನಿಮಿಷ. ಮುನ್ನೂರು ಎಂಬ ಸಂಖ್ಯೆ ವಾರ್ಷಿಕ ವರದಿಯಲ್ಲಿ ಅಂದವಾಗಿ ಕಾಣುತ್ತದೆ. ಆ ಒಂದೆರಡು ನಿಮಿಷಗಳಲ್ಲಿ ತಪ್ಪಿಹೋದ ರೋಗವೆಷ್ಟೆಂದು ವರದಿ ಹೇಳುವುದಿಲ್ಲ. ಚೀಟಿಗಳನ್ನು ಅರವತ್ತಕ್ಕೆ ಇಳಿಸಿದರೆ ದಾನಿಗಳು ಏನೆಂದಾರು ಎಂಬ ಅಂಜಿಕೆ ಕಾರ್ಯದರ್ಶಿಗಳಿಗೆ ಇದ್ದೇ ಇರುತ್ತದೆ. ಆದರೂ ಇಳಿಸಬೇಕಾದುದು ಅಷ್ಟಕ್ಕೇ.

ಆ ವೈದ್ಯರಲ್ಲಿ ಒಬ್ಬಿಬ್ಬರು ಸ್ವಧರ್ಮೀಯರೇ ಆಗಿರುವುದುಂಟು. ದಿಗಂಬರರು ಅನಸ್ತಮಿತವೆನ್ನಲಿ, ಮಾರವಾಡಿ ಗುಜರಾತಿ ಕುಟುಂಬಗಳು ಚೌವಿಹಾರವೆನ್ನಲಿ, ಸೂರ್ಯಾಸ್ತದ ಮುನ್ನ ಊಟ ಮುಗಿಸುವ ನಿಯಮವುಳ್ಳವರು. ಶಿಬಿರದ ಮಧ್ಯಾಹ್ನದ ಊಟವನ್ನು ಗಣ್ಯರು ಮುಗಿಸಿರುತ್ತಾರೆ; ವೈದ್ಯರ ಎದುರಿನ ಸಾಲು ಮುಗಿದಿರುವುದಿಲ್ಲ. ಸಾಲು ಮುಗಿದ ಮೇಲೆ ಶಾಲು, ಪೇಟ, ಸ್ಮರಣಿಕೆ, ಛಾಯಾಚಿತ್ರ. ಅವರು ಬೆಂಗಳೂರಿನ ದಾರಿ ಹಿಡಿದು ಬಿಡದಿ ದಾಟುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಆ ದಿನ ಅವರಿಗೆ ಊಟವಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ಮತ್ತೊಂದು ಸಾಲು ಕಾದಿರುತ್ತದೆ. ಶಿಬಿರದ ಆಮಂತ್ರಣ ಪತ್ರಿಕೆಯಲ್ಲಿ ಧ್ವಜಾರೋಹಣದ ಗಳಿಗೆಯಿಂದ ವಂದನಾರ್ಪಣೆಯವರೆಗೆ ಎಲ್ಲಕ್ಕೂ ವೇಳೆಯನ್ನು ಅಚ್ಚು ಹಾಕಿಸಿರುತ್ತಾರೆ. ವೈದ್ಯರ ಊಟಕ್ಕೆ ವೇಳೆ ನಮೂದಿಸಿದ ಪತ್ರಿಕೆ ಕಾಣಸಿಗುವುದು ಬಲು ಅಪರೂಪ.