ಅರ್ಜಿ ಬರೆದವನು

ನಮ್ಮೂರಿನಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಜಗಲಿಗೆ ಬರುತ್ತಾರೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನ ಅಕ್ಷರ ದುಂಡಗಿರುತ್ತದೆ ಎಂಬ ನಂಬಿಕೆ. ಪಡಿತರ ಚೀಟಿ, ವಿಧವಾ ವೇತನ, ಪೌತಿ ಖಾತೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಬರೆದುಕೊಡುವವನಿಗೆ ಅದರ ಫಲಾಫಲದಲ್ಲಿ ಪಾಲಿಲ್ಲವೆಂದೇ ತಿಳಿದಿದ್ದೆ. 2017ರ ಫೆಬ್ರವರಿಯಲ್ಲಿ ಆ ತಿಳಿವಳಿಕೆ ಕೆಟ್ಟಿತು.

ನಮ್ಮ ಗ್ರಾಮ ಪಂಚಾಯಿತಿ ಮನೆ ಕಂದಾಯ, ಮಳಿಗೆ ಬಾಡಿಗೆ, ಸಂತೆ ಸುಂಕಗಳಿಂದ ಬಂದ ಸ್ವಂತ ವರಮಾನದಲ್ಲಿ ಒಂದಿಷ್ಟನ್ನು ವರ್ಷಕ್ಕೊಮ್ಮೆ ಊರಿನ ಸಂಘಗಳಿಗೆ ಹಂಚುತ್ತಿತ್ತು. ಆ ವರ್ಷ ತೆಗೆದಿಟ್ಟದ್ದು 30,000 ರೂಪಾಯಿ. ಯುವಕ ಸಂಘ, ಮಹಿಳಾ ಮಂಡಳಿ, ಭಜನಾ ಮಂಡಳಿ, ಹೀಗೆ ಮೂರು ಪಾಲು. ನಾನು ಯುವಕ ಸಂಘದ ಕಾರ್ಯದರ್ಶಿ. ಅರವತ್ತೆರಡನೆಯ ವಯಸ್ಸಿನಲ್ಲಿ ಯುವಕ ಸಂಘದ ಕಾರ್ಯದರ್ಶಿಯಾಗಿರುವುದು ನಮ್ಮ ಕಡೆ ಯಾರಿಗೂ ಸೋಜಿಗವಲ್ಲ.

ನಮ್ಮ ಅರ್ಜಿಯನ್ನು ಬರೆದು ಮುಗಿಸಿದ ದಿನವೇ ಕಾಲೋನಿಯ ತಮಟೆ ತಂಡದವರು ಬಂದರು. ಒಂಬತ್ತು ಹುಡುಗರು, ಜತೆಗೆ ಅವರಲ್ಲೊಬ್ಬನ ದೊಡ್ಡಪ್ಪ. ಐದು ಹೊಸ ತಮಟೆ, ಊರೂರಿಗೆ ಹೋಗಿ ಬಾರಿಸುವಾಗ ಹಾಕಿಕೊಳ್ಳಲು ಬಟ್ಟೆ, ಇಷ್ಟು ಅವರಿಗೆ ಬೇಕಾಗಿತ್ತು. ನಾನು ಬರೆಯುತ್ತಾ ಹೋದೆ. 'ಉದ್ದೇಶ' ಎಂಬಲ್ಲಿಗೆ ಬಂದಾಗ, ನಶಿಸುತ್ತಿರುವ ಜಾನಪದ ಕಲೆಯ ಸಂರಕ್ಷಣೆ ಎಂದು ಬರೆದು ಓದಿ ಹೇಳಿದೆ. ದೊಡ್ಡಪ್ಪ ನಕ್ಕ. "ಉಳಿಸೋದೇನು ಬಂತು ಮೇಷ್ಟ್ರೇ? ಹುಡುಗ್ರು ಬಾರಿಸ್ತಾವೆ ಅಂತ ಬರೀರಿ." ಹಾಗೆ ಬರೆದರೆ ದುಡ್ಡು ಬರುವುದಿಲ್ಲವೆಂದು ನಾನು ಹೇಳಿದೆ. ಅವನು ಸುಮ್ಮನಾದ.

ಆ ನಗು ನನ್ನನ್ನು ಬಹಳ ದಿನ ಕಾಡಿತು. ಈ ಮನುಷ್ಯನ ತಂದೆ ತಮಟೆ ಬಾರಿಸಿದ್ದನ್ನು ನಾನು ಕಂಡಿದ್ದೇನೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರ ಮನೆಗೆ ಇಂತಿಷ್ಟು ರಾಗಿ ಎಂದು ಅಳೆದು ಬೇರೆ ಇಡುತ್ತಿದ್ದರು. ಅದಕ್ಕೆ ಅರ್ಜಿ ಬೇಕಿರಲಿಲ್ಲ, ಲೆಕ್ಕ ಒಪ್ಪಿಸಬೇಕಿರಲಿಲ್ಲ. ಆದರೆ ಆ ರಾಗಿಯ ಹಿಂದೆ ಹೆಣದ ಮುಂದೆ ತಮಟೆ ಬಡಿಯುವ, ಸತ್ತ ದನ ಎಳೆಯುವ ಕಟ್ಟಿತ್ತು. ಒಲ್ಲೆ ಎನ್ನುವಂತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಯ ನಂತರವೂ ಹಳ್ಳಿಗಳಲ್ಲಿ ಆ ಕಟ್ಟು ಉಳಿದೇ ಇತ್ತು. ದಲಿತ ಸಂಘರ್ಷ ಸಮಿತಿಯ ಚಳವಳಿ ಹರಡಿದ ಮೇಲೆ ಎಷ್ಟೋ ಊರುಗಳಲ್ಲಿ ತರುಣರು ಆ ಬಿಟ್ಟಿ ಚಾಕರಿಯನ್ನು ನಿರಾಕರಿಸಿದರು. ನಮ್ಮೂರಿನಲ್ಲಿಯೂ ತಮಟೆ ಬಹುಕಾಲ ಅಟ್ಟದ ಮೇಲಿತ್ತು. ಅದನ್ನು ಈ ಹುಡುಗರು ತಮ್ಮ ಇಷ್ಟದಿಂದ, ತಮ್ಮ ಸಂತೋಷಕ್ಕೆ ಮತ್ತೆ ಕೆಳಗಿಳಿಸಿದ್ದರು. ಅಂಥದ್ದಕ್ಕೆ ನಾನು ನಶಿಸುತ್ತಿರುವ ಕಲೆಯೆಂದು ಹೆಸರಿಟ್ಟಿದ್ದೆ.

ಅನುದಾನ ಎಂಬ ಶಬ್ದದ ಒಳಗೇ ದಾನ ಕುಳಿತಿದೆ. ದಾನವೆಂದರೆ ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಋಣ. ಆದರೆ ಪಂಚಾಯಿತಿ ಕೊಡುವುದು ಯಾರದನ್ನು? ಕಾಲೋನಿಯ ಮನೆಗಳೂ ಕಂದಾಯ ಕಟ್ಟುತ್ತವೆ. ಹಾಗಾದರೆ ಇದು ದಾನವಲ್ಲ, ಪಾಲು. ಪಾಲು ಕೇಳುವವನು ತನ್ನ ಯೋಗ್ಯತೆಯನ್ನು ಏಕೆ ರುಜುವಾತು ಮಾಡಬೇಕು? ಇದಕ್ಕೆ ಉತ್ತರವಿಲ್ಲವೆಂದಲ್ಲ. ಲೆಟರ್‌ಹೆಡ್ಡೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಸಂಘಗಳನ್ನು ನಾನು ನೋಡಿದ್ದೇನೆ. ನಾಲ್ಕು ಜನರ ದುಡ್ಡನ್ನು ಲೆಕ್ಕವಿಲ್ಲದೆ ಕೊಡಬಾರದು ಎನ್ನುವುದನ್ನು ಈಗಲೂ ಒಪ್ಪುತ್ತೇನೆ. ಆದರೆ ಕಾಗದಪತ್ರ ಸರಿಯಾಗಿಡುವ ಶಕ್ತಿ ಇರುವವರಿಗೇ ಆ ದುಡ್ಡಿನ ಅಗತ್ಯ ಕಡಿಮೆ ಇರುತ್ತದಲ್ಲ!

ಸಂಘಗಳಿಗಾಗಿ ನಡೆದ ಸಭೆಗೆ ನಾನು ಹೋದೆ. ತಮಟೆ ತಂಡದ ಅರ್ಜಿ ಬಂತು. ನೋಂದಣಿ ಇಲ್ಲವೆಂದು ಮೊದಲ ಆಕ್ಷೇಪಣೆ. 1960ರ ಸಂಘಗಳ ನೋಂದಣಿ ಕಾಯಿದೆಗೆ ಏಳು ಜನ ಸದಸ್ಯರು ಸಾಕು, ಇವರು ಒಂಬತ್ತು ಜನ. ಒಂದು ತಿಂಗಳು ಕಾಲ ಕೊಟ್ಟಿದ್ದರೆ ಆಗಿಹೋಗುತ್ತಿತ್ತು. ಅಷ್ಟರಲ್ಲಿ ಸದಸ್ಯರೊಬ್ಬರು, "ಅವರಿಗೆ ಬೇರೆ ನಿಧಿ ಇದೆಯಲ್ಲ, ಅದರಲ್ಲಿ ನೋಡೋಣ" ಎಂದರು. ಸ್ವಂತ ವರಮಾನದಲ್ಲಿ ಪರಿಶಿಷ್ಟರಿಗೆಂದು ಕಡ್ಡಾಯವಾಗಿ ತೆಗೆದಿಡಬೇಕಾದ ಪಾಲಿನ ಮಾತು ಅದು. ಎಲ್ಲರೂ ತಲೆಯಾಡಿಸಿದರು. ನಾನೂ.

ಆ ಮಾತು ಎಷ್ಟು ಸಲೀಸಾಗಿತ್ತೋ ಅಷ್ಟೇ ತಪ್ಪಾಗಿತ್ತು. ಆ ನಿಧಿ ಇರುವುದು ಹಳೆಯ ಅನ್ಯಾಯವನ್ನು ತುಸುವಾದರೂ ತುಂಬಿಕೊಡಲಿಕ್ಕೆ. ಊರಿನ ಉಳಿದ ಎಲ್ಲ ಹಣದಿಂದ ಅವರನ್ನು ಹೊರಗಿಡಲಿಕ್ಕಲ್ಲ. ಹೆಚ್ಚಿಗೆ ಕೊಡಲೆಂದು ಮಾಡಿದ ಏರ್ಪಾಟನ್ನು ನಾವು ಬೇಲಿ ಮಾಡಿಕೊಂಡಿದ್ದೆವು. ಹಿಂದೆ ಬಾವಿಗೆ ಮಾಡಿದ್ದನ್ನು ಈಗ ಲೆಕ್ಕದ ಪುಸ್ತಕಕ್ಕೆ ಮಾಡಿದೆವು. ಇದು ನನಗೆ ಆ ಹೊತ್ತಿನಲ್ಲಿಯೇ ಗೊತ್ತಿತ್ತು. ಹೇಳಲಿಲ್ಲ. ಮೂವತ್ತು ಸಾವಿರವನ್ನು ಮೂರು ಮಾಡಿದರೆ ನಮಗೆ 10,000, ನಾಲ್ಕು ಮಾಡಿದರೆ 7,500. ನನ್ನ ಮೌನದ ಬೆಲೆ ಎರಡೂವರೆ ಸಾವಿರ ರೂಪಾಯಿ.

ನಾನು ಅಲ್ಲಿ ನನಗಾಗಿ ಕೂತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡದ್ದುಂಟು. ನಮ್ಮ ಸಂಘದ ಹುಡುಗರೇನೂ ಸಾಹುಕಾರರ ಮಕ್ಕಳಲ್ಲ. ವಾಲಿಬಾಲ್ ನೆಟ್ ಹರಿದು ಎರಡು ವರ್ಷವಾಗಿತ್ತು. ಅವರ ಕಾರ್ಯದರ್ಶಿಯಾಗಿ ಅವರ ಪಾಲನ್ನು ಕಾಯುವುದು ನನ್ನ ಧರ್ಮವಲ್ಲವೇ? ಇರಬಹುದು. ಆದರೆ ತನಗಾಗಿ ಮಾಡಲು ನಾಚುವ ಕೆಲಸವನ್ನು ಮನುಷ್ಯ ತನ್ನ ಸಂಘಕ್ಕಾಗಿ ಎಷ್ಟು ನಿರಾಳವಾಗಿ ಮಾಡಿಬಿಡುತ್ತಾನೆ! ಮೇಲಾಗಿ, ಆ ಇನ್ನೊಂದು ಅರ್ಜಿಯನ್ನು ಬರೆದವನೂ ನಾನೇ. ಅವರು ತಮ್ಮ ಮಾತನ್ನು ನನ್ನ ಕೈಯಲ್ಲಿ ಇಟ್ಟುಹೋಗಿದ್ದರು.

ಆ 'ಬೇರೆ ನಿಧಿ'ಯಲ್ಲಿ ಅವರಿಗೆ ಆ ವರ್ಷ ಏನೂ ಸಿಗಲಿಲ್ಲ. ಅದು ಕಾಲೋನಿಯ ಚರಂಡಿಗೆ ಹೋಗಿತ್ತು.

ಮುಂದಿನ ಸೆಪ್ಟೆಂಬರಿನಲ್ಲಿ ಜಮಾಬಂದಿ ನಡೆಯಿತು. ಊರವರೆದುರು ಪಂಚಾಯಿತಿಯ ಲೆಕ್ಕ ಓದುವ ಸಭೆ. ಜನ ಹೆಚ್ಚಿಗೆ ಬರುವುದಿಲ್ಲ. ಯುವಕ ಸಂಘಕ್ಕೆ 10,000 ಎಂದು ಓದಿದಾಗ ತಮಟೆ ತಂಡದ ಹುಡುಗನೊಬ್ಬ ಹಿಂದಿನಿಂದ ಎದ್ದುನಿಂತು, ತಮ್ಮ ಅರ್ಜಿ ಏನಾಯಿತೆಂದು ಕೇಳಿದ. ಗುಮಾಸ್ತರು ಕಡತ ಬಿಚ್ಚಿ, ಎರಡು ಅರ್ಜಿಗಳನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಹುಡುಗ ಮುಂದೆ ಬಂದು ಎರಡನ್ನೂ ನೋಡಿದ, ಆಮೇಲೆ ನನ್ನನ್ನು ನೋಡಿದ. ಎರಡೂ ಒಂದೇ ದುಂಡು ಅಕ್ಷರದಲ್ಲಿದ್ದವು.