ನನ್ನ ವೋಟು ಎಲ್ಲಿರಬೇಕು?

2020ರ ಡಿಸೆಂಬರ್. ಬೆಂಗಳೂರಿನಿಂದ ದಾಂಡೇಲಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನಮ್ಮೂರಿನವರೇ ಏಳು ಜನ ಇದ್ದೆವು. ಮುಖಕ್ಕೆ ಮಾಸ್ಕು, ಬ್ಯಾಗಿನಲ್ಲಿ ಲ್ಯಾಪ್‌ಟಾಪು. ಹೊರಟಿದ್ದು ಹಬ್ಬಕ್ಕಲ್ಲ, ಗ್ರಾಮ ಪಂಚಾಯಿತಿ ಚುನಾವಣೆಗೆ. ಹಳಿಯಾಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ನಿಂತಿದ್ದರು. "ನೀವು ಬರಲೇಬೇಕು, ಬಸ್ ಚಾರ್ಜಿನ ಚಿಂತಿ ಬ್ಯಾಡ" ಅಂದಿದ್ದರು. ಹೇಳಿದ ಹಾಗೆ ದುಡ್ಡು ಫೋನ್‌ಪೇಗೆ ಬಂದು ಬಿತ್ತು. ಏಳರಲ್ಲಿ ಒಬ್ಬರೂ ವಾಪಸ್ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ.

ಬೆಳಗ್ಗೆ ಇಳಿದೆವು, ಸ್ನಾನ ಮಾಡಿ ವೋಟು ಹಾಕಿದೆವು, ಅವ್ವ ಮಾಡಿದ ಊಟ ಮಾಡಿ ಮರುದಿನ ರಾತ್ರಿ ವಾಪಸ್ ಬಸ್ಸು ಹತ್ತಿದೆವು. ಎಣಿಕೆಯ ದಿನ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ವಾಟ್ಸಾಪ್ ಗ್ರೂಪಿನಲ್ಲಿ ಗುಲಾಲಿನ ಫೋಟೋ ಬಂತು. ನಮ್ಮವರು ಗೆದ್ದಿದ್ದರು, ನಾಲ್ಕು ವೋಟಿನಿಂದ.

ಸೋತವರು ಊರಿನ ಆಚೆ ಬದಿಯ ಒಬ್ಬ ಹೆಣ್ಣುಮಗಳು. ಕಾಡಿನ ಅಂಚಿನ ಗೌಳಿವಾಡದ ನೀರಿಗಾಗಿ ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆದವರು. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಎರಡು ವರ್ಷದಲ್ಲಿ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಬಂತು, ಅವ್ವನಿಗೆ ಖುಷಿ. ಗೌಳಿವಾಡದ ಬೋರ್‌ವೆಲ್ ಮೋಟರ್ ಸುಟ್ಟು ಇಡೀ ಬೇಸಿಗೆ ಹಾಗೇ ಬಿದ್ದಿತ್ತು. ಆ ಬೇಸಿಗೆಯಲ್ಲೇ ನಾನು ನಾಲ್ಕು ದಿನ ಊರಿಗೆ ಹೋಗಿದ್ದೆ. ನಾನು ಸಣ್ಣವನಿದ್ದಾಗಿಂದ ನಮ್ಮನೆಗೆ ಹಾಲು ಕೊಡುತ್ತಿರುವ ಗೌಳಿ ಅಜ್ಜ ಕಟ್ಟೆಯ ಮೇಲೆ ಕೂತು, ಸಿಟ್ಟಿಲ್ಲದ ದನಿಯಲ್ಲಿ ಒಂದು ಮಾತು ಹೇಳಿದ: "ನೀವು ಬಂದು ಹಾಕಿ ಹ್ವಾದ್ರಿ ತಮ್ಮಾ. ನೀರ ನಾವ ಹೊರಾಕತ್ತೇವಿ."

ಅವನು ಸಿಟ್ಟು ಮಾಡಿದ್ದರೆ ನಾನೂ ವಾದ ಮಾಡಿ ಮರೆಯುತ್ತಿದ್ದೆನೇನೋ.

ಇಲ್ಲಿ ನಮ್ಮ ಕಡೆಯ ಒಂದು ಹಳೆಯ ಗೋಳನ್ನು ಹೇಳಬೇಕು. ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡಿನವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಬರುವುದು ಇಲ್ಲಿಗೇ: "ನಮ್ಮನ್ನು ಆಳುವವರು ನಮ್ಮಿಂದ ದೂರ." ಹತ್ತು ಸಾವಿರ ಚದರ ಕಿಲೋಮೀಟರ್ ಮೀರಿದ ಉತ್ತರ ಕನ್ನಡ ಜಿಲ್ಲೆಗೆ ರಾಜಧಾನಿ ಸಮುದ್ರದ ದಂಡೆಯ ಕಾರವಾರ. ಹಳಿಯಾಳದವನಿಗೆ ಧಾರವಾಡ ಒಂದು ತಾಸಿನ ದಾರಿ, ಮುಂಡಗೋಡಿನವನಿಗೆ ಹುಬ್ಬಳ್ಳಿ ಹತ್ತಿರ. ಆದರೆ ಡಿಸಿ ಕಚೇರಿಗೆ ಹೋಗಬೇಕೆಂದರೆ ಕಾಡು ದಾಟಿ ಘಟ್ಟ ಇಳಿಯಬೇಕು, ದಿನ ಪೂರ್ತಿ ಅದಕ್ಕೇ ಮೀಸಲು. ಇನ್ನು ಕಚೇರಿಗಳೋ, ಹಂಚಿಟ್ಟ ಹಾಗೆ ಒಂದೊಂದು ದಿಕ್ಕಿಗೆ ಒಂದೊಂದು. ಹಳಿಯಾಳದವನಿಗೆ ಜಮೀನಿನ ತಕರಾರಿದ್ದರೆ ಉಪವಿಭಾಗಾಧಿಕಾರಿ ಕಾರವಾರದಲ್ಲಿ. ಶಾಲೆಯ ವಿಷಯವಾದರೆ ಶಿರಸಿ ಶೈಕ್ಷಣಿಕ ಜಿಲ್ಲೆ. ಕರೆಂಟಿಗೆ ಹುಬ್ಬಳ್ಳಿಯ ಹೆಸ್ಕಾಂ, ಹೈಕೋರ್ಟಿಗೆ ಧಾರವಾಡ ಪೀಠ. ಎಂಪಿ ಕ್ಷೇತ್ರ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನವರೆಗೆ ಹಬ್ಬಿದೆ. ಶಿರಸಿಯನ್ನೇ ಬೇರೆ ಜಿಲ್ಲೆ ಮಾಡಿ ಎನ್ನುವ ಕೂಗಿಗೆ ವರ್ಷಗಳ ವಯಸ್ಸು. ಹಳಿಯಾಳದಿಂದ ಒಡೆದು ದಾಂಡೇಲಿಯನ್ನು ಬೇರೆ ತಾಲೂಕು ಮಾಡಿದ್ದು ತೀರಾ ಈಚೆಗೆ, 2018ರಲ್ಲಿ.

ಇನ್ನೊಂದು ಸಂಗತಿ ನೋಡಿ. ಈ ನಾಲ್ಕು ತಾಲೂಕಿನ ನಾಲ್ಕು ಕೇಂದ್ರಗಳಿಗೆ ನಾಲ್ಕು ಥರದ ಸ್ಥಳೀಯ ಸರ್ಕಾರ. ಪೇಪರ್ ಮಿಲ್ಲಿನ ದಾಂಡೇಲಿಗೆ ನಗರಸಭೆ, ಹಳಿಯಾಳಕ್ಕೆ ಪುರಸಭೆ, ಮುಂಡಗೋಡಿಗೆ ಪಟ್ಟಣ ಪಂಚಾಯಿತಿ, ಜೊಯಿಡಾಕ್ಕೆ ಬರೀ ಗ್ರಾಮ ಪಂಚಾಯಿತಿ. ಜೊಯಿಡಾ ವಿಸ್ತೀರ್ಣದಲ್ಲಿ ದೊಡ್ಡ ತಾಲೂಕು, ಆದರೆ 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 52 ಸಾವಿರ ಮಂದಿ. ಜನ ಚದುರಿರುವ ಇಂಥ ಜಾಗಕ್ಕೆ ಕಾನೂನೇ ಒಂದು ರಿಯಾಯಿತಿ ಕೊಟ್ಟಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಧಾರಣವಾಗಿ ಐದರಿಂದ ಏಳು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯಿತಿ. ಉತ್ತರ ಕನ್ನಡದಂಥ ಮಲೆನಾಡು ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಇದ್ದರೂ ಸಾಕು. ಸುಮಾರು 400 ಜನಕ್ಕೊಬ್ಬ ಸದಸ್ಯ. ಅಂದರೆ ಕಾನೂನು ಬರೆದವರಿಗೂ ಗೊತ್ತಿತ್ತು, ಇಲ್ಲಿ ತಲೆ ಎಣಿಸಿದರೆ ಸಾಲದು, ದೂರವನ್ನೂ ಎಣಿಸಬೇಕು ಅಂತ.

ಈ ದೂರದ ಬಗ್ಗೆ ನಾನು ಕಾಲೇಜು ದಿನಗಳಿಂದ ಭಾಷಣ ಬಿಗಿಯುತ್ತಾ ಬಂದವನು. ನಮ್ಮೂರ ನೆಲ ನೋಡದವರು ನಮ್ಮೂರ ವಿಷಯ ತೀರ್ಮಾನ ಮಾಡುವುದು ಅನ್ಯಾಯ ಅಂತ ಎಷ್ಟೋ ಸಲ ಬರೆದಿದ್ದೇನೆ. ಅಜ್ಜನ ಮಾತು ಕೇಳಿದ ಮೇಲೆ ಹೊಳೆದದ್ದು ಇಷ್ಟೇ: ಕಾರವಾರದ ಸಾಹೇಬರು ನೂರು ಚಿಲ್ಲರೆ ಕಿಲೋಮೀಟರ್ ದೂರದಿಂದ ಮಾಡಿದ್ದನ್ನು ನಾನು ನಾನೂರು ಕಿಲೋಮೀಟರ್ ದೂರದಿಂದ ಮಾಡಿದ್ದೆ. ಅವರು ಕನಿಷ್ಠ ಫೈಲನ್ನಾದರೂ ನೋಡಿರುತ್ತಾರೆ.

ನಮ್ಮ ಕಂಪನಿಯಲ್ಲಿ ಯಾರಾದರೂ ಒಂದು ಟೀಮ್ ಬಿಟ್ಟರೆ ಅವತ್ತೇ ಅವರ ಪ್ರೊಡಕ್ಷನ್ ಆಕ್ಸೆಸ್ ತೆಗೆಯುತ್ತೇವೆ. ಅವರು ಕೆಟ್ಟವರು ಅಂತಲ್ಲ. ರಾತ್ರಿ ಎರಡಕ್ಕೆ ಸಿಸ್ಟಮ್ ಬಿದ್ದರೆ ಎದ್ದು ಕೂರುವವರು ಅವರಲ್ಲ, ಅದಕ್ಕೆ. ನಾನು ಊರು ಬಿಟ್ಟು ಹನ್ನೆರಡು ವರ್ಷ ಆಗಿತ್ತು, ಆಕ್ಸೆಸ್ ಹಾಗೇ ಇತ್ತು.

ಕಾನೂನು ಇದನ್ನು ಗೋಜಲಾಗಿ ಬಿಟ್ಟಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುವುದು 'ಸಾಮಾನ್ಯವಾಗಿ ವಾಸವಾಗಿರುವ' ಕಡೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು ಅಂತ. ಅಲ್ಲೊಂದು ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ವಾಸವಿದ್ದೀ ಅಂತ ಆಗುವುದಿಲ್ಲ ಎಂದೂ ಹೇಳುತ್ತದೆ. ಆದರೆ ಕಾನೂನು ಹೇಳಿದ ಮಾತ್ರಕ್ಕೆ ನೈತಿಕ ಪ್ರಶ್ನೆ ಮುಗಿಯುವುದಿಲ್ಲವಲ್ಲ. ನನ್ನ ಪರವಾಗಿಯೂ ವಾದಗಳಿವೆ, ಸುಳ್ಳು ವಾದಗಳೇನಲ್ಲ.

ಮೊದಲನೆಯದು, ಅವ್ವ ಅಪ್ಪ ಅಲ್ಲಿದ್ದಾರೆ. ಆಸ್ಪತ್ರೆಗೆ ಹೋಗೋ ರಸ್ತೆ ಕೆಟ್ಟರೆ ನನಗೂ ನಿದ್ದೆ ಕೆಡುತ್ತದೆ. ನಿಜ. ಆದರೆ ಅವ್ವನಿಗೆ ಅವಳದೇ ವೋಟಿದೆ, ಅಪ್ಪನಿಗೂ ಇದೆ. ಅವರ ಕಷ್ಟವನ್ನು ನನ್ನ ವೋಟಿನಿಂದ ಎಣಿಸಿದರೆ ನಮ್ಮ ಮನೆಯ ಕಷ್ಟ ಎರಡು ಸಲ ಎಣಿಸಿದ ಹಾಗಾಯಿತು. ಗೌಳಿ ಅಜ್ಜನ ಮನೆಯಿಂದ ಯಾರೂ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿಲ್ಲ, ಯಾರಿಗೂ ಯಾರೂ ಬಸ್ ಚಾರ್ಜ್ ಕಳಿಸಲಿಲ್ಲ.

ಎರಡನೆಯದು ಗಟ್ಟಿ ವಾದ. ಅಲ್ಲೇ ಇರುವವರು ಮಾತ್ರ ತೀರ್ಮಾನಿಸಬೇಕು ಅಂದರೆ, ದೂರದವರಿಗೆ ಹಿತಾಸಕ್ತಿಯೇ ಇಲ್ಲವೇ? ಜೊಯಿಡಾದ ಕಡೆ ತಿರುಗಿ ನೋಡೋಣ. ಆ ತಾಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣವೇ ನೀರಿನೊಳಗೆ ಹೋಯಿತು, ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು, ನಿರಾಶ್ರಿತರಿಗಾಗಿ ರಾಮನಗರ ಎದ್ದಿತು. ಆ ನೀರಿನ ಕರೆಂಟಿನಲ್ಲಿ ಇಡೀ ರಾಜ್ಯಕ್ಕೆ ಪಾಲಿದೆ. ನನ್ನ ಲ್ಯಾಪ್‌ಟಾಪಿಗೂ ಇರಬಹುದು. ಉಳಿದ ಕಾಡಿನ ದೊಡ್ಡ ಭಾಗ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಅದರ ಹೆಸರು ಕಾಳಿ. ಹುಲಿ ಇಡೀ ದೇಶದ್ದು, ಸರಿ. ಒಳಗಿನ ಕುಣಬಿಯವರ ಗದ್ದೆ ಯಾರದ್ದು?

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ದೂರದವರ ಹಿತಾಸಕ್ತಿಗೆ ಬಾಯಿ ಇಲ್ಲದ ದಿನವೇ ಇರಲಿಲ್ಲ. ಅದಕ್ಕೆ ವಿಧಾನಸೌಧ ಇದೆ, ಸಂಸತ್ತು ಇದೆ, ಕೋರ್ಟು, ಪೇಪರು, ಟಿವಿ ಎಲ್ಲ ಇವೆ. ಹತ್ತಿರದವನ ಮಾತೇ ಕೊನೆಯ ಮಾತಾಗುವ ಜಾಗ ಬಹಳ ಕಡಿಮೆ: ಒಂದು ಗ್ರಾಮಸಭೆ, ಒಂದು ಪಂಚಾಯಿತಿಯ ವಾರ್ಡು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ. ಅಷ್ಟು ಸಣ್ಣ ಜಾಗಕ್ಕೂ ನಾವು ಏಳು ಜನ ರಾತ್ರಿ ಬಸ್ಸಿನಲ್ಲಿ ಹೋಗಿ ಕೂತಿದ್ದೆವು.

ಮೂರನೆಯದು ವಾದವಲ್ಲ, ಸಂಕಟ. ವೋಟು ತೆಗೆದರೆ ನಾನು ಯಾವ ಊರಿನವನು? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಮುಂಡಗೋಡಿನ ಟಿಬೆಟನ್ ಕ್ಯಾಂಪು. 1966ರಿಂದ ಅವರು ಅಲ್ಲಿದ್ದಾರೆ. ಗೋವಿನಜೋಳ ಬೆಳೆದಿದ್ದಾರೆ, ಡ್ರೆಪುಂಗ್, ಗಾಡೆನ್ ಮಠಗಳನ್ನು ಮತ್ತೆ ಕಟ್ಟಿದ್ದಾರೆ. ಅಲ್ಲೇ ಹುಟ್ಟಿ ಮುದುಕರಾಗುತ್ತಿರುವವರಿಗೂ ಪಕ್ಕದ ಪಂಚಾಯಿತಿಯಲ್ಲಿ ಎಷ್ಟೋ ವರ್ಷ ವೋಟಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರನ್ನು ಪಟ್ಟಿಗೆ ಸೇರಿಸಬಹುದೆಂದು ಚುನಾವಣಾ ಆಯೋಗ ಹೇಳಿದ್ದು 2014ರಲ್ಲಿ. ಆಗಲೂ ಹಲವರು ಬೇಡ ಅಂದರು. ಇಲ್ಲಿ ವೋಟು ಹಾಕಿದರೆ ಅಲ್ಲಿಯವರಾಗಿ ಉಳಿಯುತ್ತೇವಾ ಅನ್ನುವ ಭಯ. ಅವರು ವೋಟು ಹಾಕುವುದು ಧರ್ಮಶಾಲೆಯಲ್ಲಿರುವ ತಮ್ಮ ಗಡಿಪಾರು ಸಂಸತ್ತಿಗೆ.

ಮೊದಲ ನೋಟಕ್ಕೆ ಅವರೂ ನನ್ನ ಹಾಗೇ, ಬದುಕುವ ಜಾಗ ಒಂದು, ವೋಟಿನ ಜಾಗ ಇನ್ನೊಂದು. ಆದರೆ ಅವರ ವೋಟು ಯಾವ ಗೌಳಿವಾಡದ ನೀರನ್ನೂ ಕಸಿಯುವುದಿಲ್ಲ. ಮತ್ತೆ, ಅವರಿಗೆ ಊರಿಗೆ ಹೋಗುವ ದಾರಿ ಮುಚ್ಚಿದೆ, ನೆನಪನ್ನು ವೋಟಿನಲ್ಲಾದರೂ ಹಿಡಿದಿಟ್ಟುಕೊಳ್ಳಬೇಕು. ನನ್ನ ದಾರಿಯನ್ನು ಯಾರೂ ಮುಚ್ಚಿಲ್ಲ. ದಿನಾ ರಾತ್ರಿ ಬಸ್ಸಿದೆ. ನಾನು ಹತ್ತುವುದಿಲ್ಲ, ಅಷ್ಟೇ.

ಕಡೆಗೆ ಹೋದ ವರ್ಷ ಫಾರ್ಮ್ 8 ತುಂಬಿ ಹೆಸರನ್ನು ಬೆಂಗಳೂರಿಗೆ ವರ್ಗಾಯಿಸಿದೆ. ಆ ಬಸ್ ಚಾರ್ಜಿನಷ್ಟು ದುಡ್ಡನ್ನು ಸಂಬಂಧಿಕರಿಗೆ ವಾಪಸ್ ಕಳಿಸಿದೆ. ಅವರು "ಏನೋ ಇದು?" ಅಂತ ಕೇಳಿದರು, ಉತ್ತರ ಕೊಡೋಕೆ ಧೈರ್ಯ ಸಾಲಲಿಲ್ಲ. ಅವ್ವನಿಗೆ ಮಾತ್ರ ಹೇಳಿದೆ. "ಹೆಸರ ತೆಗಸಿದ್ರ ನೀ ಊರಾವ ಹೆಂಗ ಆಗ್ತೀಯೋ?" ಅಂದಳು. "ಬಂದು ಇದ್ರ ಆಗ್ತೀನವ್ವ" ಅಂದೆ. ಅವಳು ಫೋನ್ ಇಟ್ಟಳು.

ಇದನ್ನು ಓದಿ ನಾನು ಏನೋ ದೊಡ್ಡ ತ್ಯಾಗ ಮಾಡಿದೆ ಅಂದುಕೊಳ್ಳಬೇಡಿ. ಗೌಳಿವಾಡಕ್ಕೆ ಇದರಿಂದ ಒಂದು ಕೊಡ ನೀರೂ ಹೆಚ್ಚಾಗಿ ಬರಲಿಲ್ಲ. ಇತ್ತ ಬೆಂಗಳೂರಿನಲ್ಲಿ 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಊರಿನ ಕಡೆಯೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಚುನಾವಣೆ ಮುಂದೆ ಹೋಗುತ್ತಲೇ ಬಂತು. ದೂರದವರು ಆಳುವುದು ನಮ್ಮ ಘಟ್ಟದ ಮೇಲಿನವರ ಗೋಳು ಮಾತ್ರ ಅಂತ ತಿಳಿದಿದ್ದೆ. ನನ್ನ ಫ್ಲಾಟಿನ ಮುಂದಿನ ಗುಂಡಿ ಮುಚ್ಚಿಸೋಕೆ ಯಾರ ಹತ್ತಿರ ಹೋಗಬೇಕು ಅಂತ ಹುಡುಕಿದಾಗಲೇ ಗೊತ್ತಾಗಿದ್ದು, ಇಲ್ಲಿ ಹನ್ನೆರಡು ವರ್ಷ ಇದ್ದೂ ನನಗೆ ನಮ್ಮ ವಾರ್ಡಿನ ಹೆಸರೇ ಗೊತ್ತಿರಲಿಲ್ಲ ಅಂತ.

ಮೊನ್ನೆ ಊರಿಗೆ ಹೋದಾಗ ಗ್ರಾಮಸಭೆ ಇತ್ತು. ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ, ಮಾತಾಡಲಿಲ್ಲ. ಅವತ್ತು ಸೋತ ಆ ಹೆಣ್ಣುಮಗಳು ಎದ್ದು ನಿಂತು ಅದೇ ಮೋಟರ್ ವಿಷಯ ಎತ್ತಿದಳು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಈ ಅರ್ಜಿ ಕಂಪ್ಯೂಟರಿನ್ಯಾಗ ಹಾಕಬೇಕಂತ, ನಿನಗ ಬರ್ತೈತೇನಪಾ?" ಅಂತ ಕೇಳಿದಳು. ಕಟ್ಟೆಯ ಮೇಲೆ ಕೂತು ಹಾಕಿಕೊಟ್ಟೆ. ನಾನು ಯಾರಿಗೆ ವೋಟು ಹಾಕಿದ್ದೆ ಅಂತ ಅವಳಿಗೆ ಗೊತ್ತು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮ್ಮ ವೋಟು ಎಲ್ಲಿದೆ?