ಒಂದೇ ಅಳತೆಗೋಲು ನ್ಯಾಯವಾದೀತೇ?



ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲೇ ಕಲಿತಿದ್ದೇವೆ. ಮಾತು ಸತ್ಯವಾದದ್ದೇ. ಆದರೆ ಸಮಾನರೆಂದರೆ ಎಲ್ಲರನ್ನೂ ಒಂದೇ ರೀತಿಯಲ್ಲಿ ನಡೆಸಿಕೊಳ್ಳಬೇಕೆಂದು ಅರ್ಥವೇ?

ಡಾಬಕಾದಂತಹ ಊರಿನಿಂದ ಪೊಲೀಸರು ಒಬ್ಬ ಗಂಡಸನ್ನು ಕರೆದೊಯ್ದರೆನ್ನಿ. ಮನೆಯ ಒಲೆ ಆರುವುದಿಲ್ಲ. ಮಕ್ಕಳ ಬಳಿ ತಾಯಿ ಇರುತ್ತಾಳೆ. ಮರುದಿನ ಅವಳೇ ರೊಟ್ಟಿ ಕಟ್ಟಿಕೊಂಡು ಔರಾದಿಗೋ ಬೀದರಿಗೋ ಬಸ್ಸು ಹತ್ತುತ್ತಾಳೆ. ಅದೇ ಊರಿನಿಂದ ಒಬ್ಬ ಹೆಂಗಸನ್ನು ಕರೆದೊಯ್ದರೆ? ಅವಳಿಗೆ ರೊಟ್ಟಿ ಕಟ್ಟಿಕೊಂಡು ಹೋಗುವವರು ಯಾರು? ಕಾನೂನು ಒಂದೇ, ಆದರೆ ಅದರ ಪೆಟ್ಟು ಒಂದೇ ಅಲ್ಲ.

ಇದು ಬರಿಯ ಊಹೆಯಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಆಡಿದ ಒಂದು ನಾಟಕದ ವಿಷಯವಾಗಿ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಮುಖ್ಯ ಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಬಂಧಿತರಾದರು. ಆ ತಾಯಿ ಒಬ್ಬಂಟಿಯಾಗಿ ಮಗಳನ್ನು ಸಾಕುತ್ತಿದ್ದವಳು. ಜಾಮೀನು ಸಿಗುವವರೆಗೆ, ಸುಮಾರು ಎರಡು ವಾರ, ಆ ಮಗು ನೆರೆಯವರ ಆಸರೆಯಲ್ಲಿ ದಿನ ಕಳೆಯಬೇಕಾಯಿತು. ಸಮವಸ್ತ್ರದಲ್ಲಿ, ಆಯುಧ ಸಮೇತ ಹೋಗಿ ಮಕ್ಕಳನ್ನು ವಿಚಾರಿಸಿದ್ದು ನಿಯಮಕ್ಕೆ ವಿರುದ್ಧವೆಂದು 2021ರಲ್ಲಿ ಹೈಕೋರ್ಟು ಹೇಳಿತು. ನಾಟಕದಲ್ಲಿ ರಾಜದ್ರೋಹವೇನೂ ಇಲ್ಲವೆಂದು 2023ರ ಜೂನಿನಲ್ಲಿ ಕಲಬುರಗಿ ಪೀಠವು ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಸರಿ, ತೀರ್ಪು ಬಂತು. ಆದರೆ ಆ ಮಗುವಿನ ಎರಡು ವಾರಗಳನ್ನು ಯಾವ ಪೀಠ ಹಿಂದಿರುಗಿಸೀತು?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇಂತಹ ಸಂಕಟವನ್ನು ಬಹಳ ಹಿಂದೆಯೇ ಕಂಡಿದ್ದ. ಕಾನೂನು ಎಲ್ಲರನ್ನೂ ಕುರಿತು ಮಾತನಾಡುತ್ತದೆ, ಬದುಕಾದರೋ ಒಬ್ಬೊಬ್ಬರದೂ ಬೇರೆ ಬೇರೆ. ಲೆಸ್ಬೋಸ್ ದ್ವೀಪದ ಕಟ್ಟಡದವರು ಸೀಸದ ಅಳತೆಪಟ್ಟಿಯನ್ನು ಬಳಸುತ್ತಿದ್ದರಂತೆ. ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತಿತ್ತು. ಹಾಗೆ ಬಾಗಿ ಅಳೆಯುವುದು ನ್ಯಾಯಕ್ಕೆ ಕುಂದಲ್ಲ, ಅದೇ ನ್ಯಾಯದ ಪೂರ್ಣತೆ ಎಂದು ಆತ ವಾದಿಸಿದ. ಸಂತ ಥಾಮಸ್ ಅಕ್ವಿನಾಸರೂ ಇದನ್ನು ಒಂದು ಸದ್ಗುಣವೆಂದೇ ಎಣಿಸಿದರು.

'ಹಾಗಾದರೆ ಹೆಂಗಸು ಕೊಲೆ ಮಾಡಿದರೂ ಕ್ಷಮಿಸಬೇಕೇ?' ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಸೊಸೆಯನ್ನು ಸುಟ್ಟ ಅತ್ತೆಯ ಪಾಪ, ಅವಳು ಹೆಣ್ಣೆಂಬ ಕಾರಣಕ್ಕೆ ಹಗುರವಾಗದು. ಆದರೆ ತಪ್ಪಿನ ತೂಕ ಬೇರೆ, ತಪ್ಪು ಮಾಡಿದವಳನ್ನು ನಡೆಸಿಕೊಳ್ಳುವ ರೀತಿ ಬೇರೆ. ವಿಶೇಷ ಸಂದರ್ಭದ ಹೊರತು ಹೆಣ್ಣನ್ನು ಸೂರ್ಯಾಸ್ತದ ನಂತರ ಬಂಧಿಸಬಾರದು. ಬಂಧಿಸಲೇಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಬಂಧಿಸಬೇಕು ಎನ್ನುತ್ತದೆ ಕಾನೂನು. ಸೆರೆಯಲ್ಲಿರುವ ತಾಯಿಯ ಜೊತೆ ಆರು ವರ್ಷದವರೆಗಿನ ಮಗು ಇರಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇವು ಶಿಕ್ಷೆಯಲ್ಲಿ ಕೊಟ್ಟ ರಿಯಾಯಿತಿಯಲ್ಲ, ಮನುಷ್ಯರಿಗೆ ಸಲ್ಲಬೇಕಾದ ಮರ್ಯಾದೆ.

ನೊಂದು ಬಂದವಳ ಪಾಡೇನು? ನೆರೆಯ ಮಹಾರಾಷ್ಟ್ರದಲ್ಲಿ 1972ರಲ್ಲಿ ಪೊಲೀಸ್ ಠಾಣೆಯೊಳಗೇ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ದೂರು ಬಂತು. ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಲಿಲ್ಲ ಎಂಬ ಕಾರಣದಿಂದ 1978ರಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಡುಗಡೆ ಮಾಡಿತು. ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನೇ ಬದಲಾಯಿತು. ಭಯದಿಂದ ಬಾಯಿ ಕಟ್ಟಿಹೋದವಳು ಒಪ್ಪಿದವಳಲ್ಲ ಎಂಬುದನ್ನು ತಿಳಿಯಲು ನಮಗೆ ಇಷ್ಟು ಕಾಲ ಬೇಕಾಯಿತು! ಸುಸನ್ನಳ ಕಥೆಯನ್ನು ನೆನೆಯಿರಿ. ಹಿರಿಯರ ಮಾತು ನಂಬಿ ಊರೇ ಅವಳಿಗೆ ಮರಣದಂಡನೆ ವಿಧಿಸಿತ್ತು. ದಾನಿಯೇಲನು ಹೊಸ ಕಾನೂನನ್ನೇನೂ ತರಲಿಲ್ಲ. ಸಾಕ್ಷಿಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದ, ಅಷ್ಟೇ.

ಆ ಪ್ರಶ್ನೆ ಕೇಳುವ ಸ್ಥಾನದಲ್ಲಿ ಇಂದು ಹೆಣ್ಣುಮಕ್ಕಳೂ ಇದ್ದಾರೆ. 2017ರಲ್ಲಿ ನೀಲಮಣಿ ಎನ್. ರಾಜು ಅವರು ಕರ್ನಾಟಕ ಪೊಲೀಸಿನ ಪ್ರಥಮ ಮಹಿಳಾ ಮುಖ್ಯಸ್ಥರಾದರು. ಅತ್ಯಾಚಾರದಂತಹ ಅಪರಾಧಗಳಲ್ಲಿ ನೊಂದವಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು 2013ರಿಂದ ಕಾನೂನಿದೆ. ಆದರೆ ಆ ಅಧಿಕಾರಿಯೂ ಯಾರದೋ ತಾಯಿ, ಯಾರದೋ ಸೊಸೆ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಮನೆಯಲ್ಲಿ ಒಂದು ಲೋಟ ಚಹಾ ಕೊಡುವವರಿಲ್ಲದಿದ್ದರೆ, ಪರರ ನೋವನ್ನು ಸಹನೆಯಿಂದ ಕೇಳೆಂದು ಅವಳಿಗೆ ಹೇಳುವ ಹಕ್ಕು ನಮಗೆಲ್ಲಿದೆ?

ಪ್ರಿಯರೇ, ಠಾಣೆ ಮತ್ತು ಕೋರ್ಟಿಗಿಂತ ಮೊದಲ ನ್ಯಾಯಾಲಯ ನಮ್ಮ ಮನೆಯ ಪಡಸಾಲೆ. ಗಂಡನಿಂದ ಏಟು ತಿಂದು ಬಂದ ಮಗಳಿಗೆ 'ಸಹಿಸಿಕೋ ತಾಯಿ, ಮರ್ಯಾದೆ ಪ್ರಶ್ನೆ' ಎನ್ನುವಾಗ ನಾವು ತೀರ್ಪು ಕೊಟ್ಟಾಗಿರುತ್ತದೆ, ಅದೂ ಅವಳ ಮಾತನ್ನು ಪೂರ್ತಿ ಕೇಳದೆ. ಮಹಿಳಾ ಸಹಾಯವಾಣಿ 181 ಇದೆ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಬೀದರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದನ್ನು ಕೇಳಿ ಪಡೆಯಬಹುದು. ಇದನ್ನು ಅವಳಿಗೆ ತಿಳಿಸಿ, ಜೊತೆಗೆ ಹೋಗಿ. ಸೆರೆಯಿಂದ ಬಿಡುಗಡೆಯಾಗಿ ಬಂದವಳಿಗೂ ಬಾಗಿಲು ತೆರೆಯಿರಿ. ಕೋರ್ಟು ವಿಧಿಸಿದ ಶಿಕ್ಷೆ ಮುಗಿದ ಮೇಲೆ ಅದಕ್ಕೊಂದು ದಿನವನ್ನೂ ಸೇರಿಸುವ ಅಧಿಕಾರ ನೆರೆಹೊರೆಯವರಾದ ನಮಗಿಲ್ಲ.